ಪೆಸಾ ಕಾಯ್ದೆ ನಮ್ಮ ಹಟ್ಟಿಗೆ ಬರುತ್ತಾ? ಗ್ರಾಮಸಭೆ ಮೂಲಕ ಅರಣ್ಯ ಹಕ್ಕು ಕೇಳುವ ದಾರಿ

ಪಾವಗಡ, ಶಿರಾ, ಬಾಗೇಪಲ್ಲಿ ಕಡೆಯಿಂದ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸಾರ್, ಪೆಸಾ ಅಂತ ಒಂದು ಕಾಯ್ದೆ ಇದೆಯಂತೆ, ಗ್ರಾಮಸಭೆ ಒಪ್ಪದೆ ಯಾರೂ ನಮ್ಮ ಜಮೀನು ಮುಟ್ಟೋ ಹಾಗಿಲ್ಲವಂತೆ, ಅದನ್ನ ನಮ್ಮ ಹಟ್ಟಿಗೆ ತರಿಸೋದು ಹೇಗೆ?" ಗಡಿಯಾಚೆ ನೆಂಟರಿರುವವರಿಗೆ ತೆಲುಗಿನ ವಾಟ್ಸಾಪ್ ವಿಡಿಯೊಗಳಲ್ಲಿ ಈ ಸುದ್ದಿ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ಪೆಸಾ ಕರ್ನಾಟಕದ ಯಾವ ಹಳ್ಳಿಗೂ ಅನ್ವಯಿಸುವುದಿಲ್ಲ. ಇದು 1996ರ ಕೇಂದ್ರ ಕಾಯ್ದೆ. 1993ರಲ್ಲಿ ಬಂದ ಪಂಚಾಯತ್ ವ್ಯವಸ್ಥೆಯನ್ನು 'ಅನುಸೂಚಿತ ಪ್ರದೇಶ'ಗಳಿಗೆ ವಿಸ್ತರಿಸಲು ಮಾಡಿದ್ದು. ಅನುಸೂಚಿತ ಪ್ರದೇಶ ಅಂದರೆ ಸಂವಿಧಾನದ 5ನೇ ಅನುಸೂಚಿಯಡಿ ರಾಷ್ಟ್ರಪತಿಗಳು ಹೆಸರಿಸಿ ಘೋಷಿಸಿದ ಬುಡಕಟ್ಟು ಪ್ರದೇಶ. ಇಂಥ ಪ್ರದೇಶ ಇರುವುದು 10 ರಾಜ್ಯಗಳಲ್ಲಿ: ಆಂಧ್ರ, ತೆಲಂಗಾಣ, ಒಡಿಶಾ, ಜಾರ್ಖಂಡ್, ಛತ್ತೀಸ್‌ಗಢ, ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಹಿಮಾಚಲ. ನಮ್ಮ ರಾಜ್ಯದ ಹೆಸರು ಅದರಲ್ಲಿಲ್ಲ. ಆಂಧ್ರದಲ್ಲೂ ಅದು ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಂಥ ಏಜೆನ್ಸಿ ಪ್ರದೇಶಕ್ಕೆ (ಬುಡಕಟ್ಟಿನವರ ಗುಡ್ಡಗಾಡನ್ನು ಅಲ್ಲಿ ಹೀಗೆ ಕರೆಯುತ್ತಾರೆ) ಮಾತ್ರ. ಮಡಕಶಿರಾ, ಹಿಂದೂಪುರದ ನಿಮ್ಮ ನೆಂಟರಿಗೂ ಪೆಸಾ ಇಲ್ಲ. ಇನ್ನೊಂದು ಮಾತು: ಭೂಸ್ವಾಧೀನದ ವಿಷಯದಲ್ಲಿ ಪೆಸಾ ಹೇಳುವುದು ಗ್ರಾಮಸಭೆಯನ್ನೋ ಪಂಚಾಯಿತಿಯನ್ನೋ ಕೇಳಿ ಸಮಾಲೋಚಿಸಬೇಕು ಅಂತ, ಒಪ್ಪಿಗೆ ಇಲ್ಲದೆ ಆಗದು ಅಂತಲ್ಲ. ವಿಡಿಯೊದವರು ಇದನ್ನು ಹೇಳುವುದಿಲ್ಲ.

ಹಾಗಂತ ಕೈಕಟ್ಟಿ ಕೂರಬೇಡಿ. ನಮ್ಮಲ್ಲಿ ಎರಡು ಕಾಯ್ದೆ ಇವೆ. ಒಂದು, ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993. ಇನ್ನೊಂದು, 2006ರ ಅರಣ್ಯ ಹಕ್ಕು ಕಾಯ್ದೆ, ಅದರ 2008ರ ನಿಯಮಗಳು, ಅವಕ್ಕೆ 2012ರಲ್ಲಾದ ತಿದ್ದುಪಡಿ. ಎರಡನೆಯದಕ್ಕೆ ಅನುಸೂಚಿತ ಪ್ರದೇಶವೇ ಆಗಬೇಕೆಂದಿಲ್ಲ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಕ್ಕೂ ಪೂರ್ತಿ ಅನ್ವಯಿಸುತ್ತದೆ. 2013ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದ 12 ಗ್ರಾಮಸಭೆಗಳು ಗಣಿಗಾರಿಕೆ ಬೇಡ ಎಂದು ಠರಾವು ಮಾಡಿದವಲ್ಲ, ಸುಪ್ರೀಂ ಕೋರ್ಟ್ ಆ ಸಭೆಗಳ ಮುಂದೆ ವಿಷಯ ಇಡಲು ಹೇಳಿದ್ದೂ ಮುಖ್ಯವಾಗಿ ಈ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ. ಹಾಗಾಗಿ ಕೆಳಗಿನ ಹಂತಗಳೆಲ್ಲ ಈ ಕಾಯ್ದೆಯವೇ.

1. ಜಮೀನು ಅರಣ್ಯವೋ ಗೋಮಾಳವೋ ನೋಡಿ

ನಮ್ಮ ಜಿಲ್ಲೆಗಳಲ್ಲಿ ಅರ್ಜಿ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಅರಣ್ಯ ಹಕ್ಕು ಕಾಯ್ದೆ ಅರಣ್ಯ ಭೂಮಿಗೆ ಮಾತ್ರ. ನೀವು ಉಳುತ್ತಿರುವುದು ಗೋಮಾಳವಾದರೆ ಅದು ಬಗರ್ ಹುಕುಂ ವಿಷಯ, ನಮೂನೆ 50, 53, 57ರ ದಾರಿ, ಬೇರೆ ಸಮಿತಿ, ಬೇರೆ ಕಾನೂನು. ಎಷ್ಟೋ ಜನ ನಮೂನೆ 57 ಹಾಕಿ ಕಾಯುತ್ತಾರೆ, ಕೊನೆಗೆ "ಇದು ಅರಣ್ಯ" ಅಂತ ಅರ್ಜಿ ವಜಾ ಆಗುತ್ತದೆ, ಅಷ್ಟೊತ್ತಿಗೆ ಸಾಕ್ಷಿ ಹೇಳಬೇಕಾದ ಹಿರಿಯರೇ ಇರುವುದಿಲ್ಲ.

ಸರ್ವೆ ನಂಬರಿನ ಪಹಣಿ ತೆಗೆಸಿ, ಅದರಲ್ಲಿ ಅರಣ್ಯ, ಗೋಮಾಳ, ಖರಾಬು ಏನೆಂದು ಬರೆದಿದೆ ನೋಡಿ. ಪಹಣಿಯಲ್ಲಿ ಗೋಮಾಳ ಅಂತಿದ್ದೂ ಅರಣ್ಯ ಇಲಾಖೆ ನಮ್ಮದು ಅನ್ನುತ್ತಿದ್ದರೆ ತಹಶೀಲ್ದಾರ್ ಕಚೇರಿಗೂ ವಲಯ ಅರಣ್ಯಾಧಿಕಾರಿ ಕಚೇರಿಗೂ ಅದೇ ಸರ್ವೆ ನಂಬರ್ ಕೊಟ್ಟು ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರ ಬೇಡ. ಮೀಸಲು ಅರಣ್ಯ, ಪರಿಭಾವಿತ ಅರಣ್ಯ (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದು ಲೆಕ್ಕಕ್ಕೆ ಹಿಡಿದದ್ದು), ವನ್ಯಧಾಮ ಎಲ್ಲವೂ ಈ ಕಾಯ್ದೆಯ ಒಳಗೆ ಬರುತ್ತವೆ. ವನ್ಯಧಾಮದೊಳಗೆ ಹಕ್ಕೇ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ತಪ್ಪು.

2. ನೀವು ಯಾವ ಗುಂಪಿಗೆ ಸೇರುತ್ತೀರಿ

ಕಾಯ್ದೆಯಲ್ಲಿ ಎರಡು ಗುಂಪು. ಒಂದು ಪರಿಶಿಷ್ಟ ಪಂಗಡ. ನಾಯಕ, ಹಕ್ಕಿಪಿಕ್ಕಿ, ಇರುಳಿಗ ಸಮುದಾಯದವರು ಇದರಲ್ಲಿ ಬರುತ್ತಾರೆ. ಇವರು 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಆ ಜಮೀನಿನಲ್ಲಿದ್ದೇವೆ, ಜೀವನಕ್ಕೆ ಅದನ್ನೇ ನಂಬಿದ್ದೇವೆ ಎಂದು ತೋರಿಸಿದರೆ ಸಾಕು. ಇನ್ನೊಂದು 'ಇತರ ಪಾರಂಪರಿಕ ಅರಣ್ಯವಾಸಿಗಳು'. ಲಂಬಾಣಿ, ಭೋವಿ, ಕೊರಚ, ಕೊರಮ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡ ಅಲ್ಲ. ಕಾಡುಗೊಲ್ಲರ ಹೆಸರು ಎರಡರಲ್ಲೂ ಇಲ್ಲ. ಇವರೆಲ್ಲ ಈ ಎರಡನೆಯ ಗುಂಪಿನಲ್ಲೇ ಅರ್ಜಿ ಹಾಕಬೇಕು, ಆ ದಿನಾಂಕಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನವಿಟ್ಟು ಓದಿ. 75 ವರ್ಷ ತೋರಿಸಬೇಕಾದ್ದು ಆ ಪ್ರದೇಶದ ವಾಸವನ್ನು ಮತ್ತು ಕಾಡಿನ ಅವಲಂಬನೆಯನ್ನು. ಇದೇ ಎರಡು ಎಕರೆಯನ್ನೇ 75 ವರ್ಷದಿಂದ ಉತ್ತಿದ್ದೇವೆ ಎಂದು ತೋರಿಸಬೇಕಾಗಿಲ್ಲ. "1930ರ ಪಹಣಿ ತನ್ನಿ" ಅಂತ ಕೇಳಿದಾಗ ಜನ ಸುಮ್ನೆ ವಾಪಸ್ ಬಂದುಬಿಡುತ್ತಾರೆ. ಬರಬೇಡಿ.

3. ಸಭೆ ಯಾವ ಊರಿನದು ಎಂದು ಗಟ್ಟಿ ಮಾಡಿಕೊಳ್ಳಿ

ಗ್ರಾಮ ಪಂಚಾಯಿತಿ ವರ್ಷಕ್ಕೆರಡು ಸಲ ಮಾಡುವ ಗ್ರಾಮಸಭೆ ಇಡೀ ಪಂಚಾಯಿತಿಯದು, ಅದರಲ್ಲಿ ಐದಾರು ಊರು ಇರುತ್ತವೆ. ಅರಣ್ಯ ಹಕ್ಕಿನ ಗ್ರಾಮಸಭೆ ಹಾಗಲ್ಲ. ಅದು ಒಂದು ಊರಿನ 18 ದಾಟಿದ ಎಲ್ಲರ ಸಭೆ. ಸರ್ವೆ ಆಗದ ಹಳೆಯ ಜನವಸತಿ, ಹಟ್ಟಿ, ತಾಂಡಾ ಕೂಡ ಈ ಕಾಯ್ದೆಯ ಲೆಕ್ಕದಲ್ಲಿ ಊರೇ, ಕಂದಾಯ ದಾಖಲೆಯಲ್ಲಿ ಹೆಸರು ಇರಲಿ ಇಲ್ಲದಿರಲಿ. ಇಂಥ ಜನವಸತಿಗಳ ಪಟ್ಟಿ ಮಾಡುವುದು ಪಂಚಾಯಿತಿಯ ಕೆಲಸ ಎಂದು 2012ರ ನಿಯಮದಲ್ಲಿದೆ.

ಇದು ಯಾಕೆ ಮುಖ್ಯ ಅಂದರೆ ಕೋರಂ. ಸಭೆಗೆ ಊರಿನ ವಯಸ್ಕರಲ್ಲಿ ಅರ್ಧದಷ್ಟು ಜನ ಬರಬೇಕು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಕ್ಕಿನ ಅರ್ಜಿಗಳ ಮೇಲೆ ಠರಾವು ಮಾಡುವ ದಿನ ಅರ್ಜಿದಾರರಲ್ಲಿ ಅಥವಾ ಅವರ ಪರ ಬಂದವರಲ್ಲಿ ಶೇ 50 ಇರಲೇಬೇಕು. ನಿಮ್ಮ ಹಟ್ಟಿಯಲ್ಲಿ 240 ವಯಸ್ಕರಿದ್ದರೆ 120 ಜನ ಸೇರಿಸಬಹುದು. ಇಡೀ ಪಂಚಾಯಿತಿಯ 4000 ಮತದಾರರಲ್ಲಿ 2000 ಜನರನ್ನು ಒಂದೆಡೆ ಕೂರಿಸಲು ಯಾರಿಂದ ಆಗುತ್ತದೆ? ಹಾಗಾಗಿ ಪಿಡಿಒ ಅವರಿಗೆ ಕೊಡುವ ಮನವಿಯಲ್ಲೇ "ನಮ್ಮ ಹಟ್ಟಿಯ ಮಟ್ಟದಲ್ಲಿ ಅರಣ್ಯ ಹಕ್ಕು ಗ್ರಾಮಸಭೆ ಕರೆಯಬೇಕು" ಎಂದು ಹಟ್ಟಿಯ ಹೆಸರು ಹಾಕಿ ಬರೆಯಿರಿ. ಒಂದು ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಇದಕ್ಕೆ ಸ್ವೀಕೃತಿ ಅನ್ನುತ್ತಾರೆ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಗೆ ಸಮ.

ದಿನ ಗೊತ್ತು ಮಾಡುವಾಗ ನಿಮ್ಮ ಮಾತೂ ಇರಲಿ. ಪಾವಗಡ ಕಡೆ ಕಡಲೆಕಾಯಿ ಕೀಳುವ ಕಾಲದಲ್ಲಿ ಸಭೆ ಇಟ್ಟರೆ ಹೆಂಗಸರು ಬರುವುದಿಲ್ಲ, ಗಂಡಸರಲ್ಲಿ ಅರ್ಧ ಜನ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿರುತ್ತಾರೆ. ಯುಗಾದಿಗೋ ಊರ ಜಾತ್ರೆಗೋ ಎಲ್ಲರೂ ಬಂದಿರುತ್ತಾರಲ್ಲ, ಅದರ ಮಾರನೇ ದಿನ ಕೇಳಿ. ಡಂಗುರ ಹೊಡೆಸಿ, ಹಿಂದಿನ ರಾತ್ರಿ ಮನೆ ಮನೆಗೆ ಹೋಗಿ ಕರೆಯಿರಿ.

4. ಅರಣ್ಯ ಹಕ್ಕು ಸಮಿತಿ

ಮೊದಲ ಸಭೆಯಲ್ಲೇ ಇದನ್ನು ಆರಿಸಬೇಕು. 10ರಿಂದ 15 ಜನ. ಊರಿನಲ್ಲಿ ಪರಿಶಿಷ್ಟ ಪಂಗಡದವರಿದ್ದರೆ ಮೂರರಲ್ಲಿ ಎರಡು ಭಾಗ ಅವರಿರಬೇಕು, ಒಟ್ಟಿನಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಧ್ಯಕ್ಷ, ಕಾರ್ಯದರ್ಶಿಯನ್ನು ಸಮಿತಿಯವರೇ ಆರಿಸಿಕೊಂಡು ಉಪವಿಭಾಗ ಮಟ್ಟದ ಸಮಿತಿಗೆ ತಿಳಿಸಬೇಕು. ಓದು ಬರಹ ಬರುವ ಹುಡುಗ ಅಥವಾ ಹುಡುಗಿಯೊಬ್ಬರು ಸಮಿತಿಯಲ್ಲಿರಲಿ, ಕಾಡಿನ ಗಡಿ ಗೊತ್ತಿರುವ ಕುರಿ ಕಾಯುವವರೂ ಒಬ್ಬರಿರಲಿ. ಸದಸ್ಯರೇ ಅರ್ಜಿದಾರರಾಗಿದ್ದರೆ ಅವರ ಅರ್ಜಿ ಪರಿಶೀಲಿಸುವಾಗ ಅವರು ಪಕ್ಕಕ್ಕೆ ಸರಿಯಬೇಕು, ಹಾಗೆ ಸರಿದರು ಎಂದು ಪುಸ್ತಕದಲ್ಲಿ ಬರೆಯಬೇಕು.

ಹಳೇ ಸಮಿತಿಯೊಂದು ಕಾಗದದ ಮೇಲೆ ಇರುವ ಸಾಧ್ಯತೆಯೂ ಇದೆ. ಪಂಚಾಯಿತಿಯಲ್ಲಿ ಪಟ್ಟಿ ಕೇಳಿ ನೋಡಿ.

5. ಅರ್ಜಿ ಮತ್ತು ಸಾಕ್ಷ್ಯ

ಗ್ರಾಮಸಭೆ ಅರ್ಜಿ ಕರೆದ ದಿನದಿಂದ 3 ತಿಂಗಳು ಸಮಯ. ಬೇಕಿದ್ದರೆ ಕಾರಣ ಬರೆದು ಸಭೆಯೇ ವಿಸ್ತರಿಸಬಹುದು. ನಮೂನೆ ಎ ಒಂದು ಕುಟುಂಬದ ಉಳುಮೆ ಅಥವಾ ಮನೆ ಜಾಗಕ್ಕೆ. ನಮೂನೆ ಬಿ ಊರೊಟ್ಟಿನ ಹಕ್ಕಿಗೆ: ಮೇವು, ನೀರು, ಈಚಲು ಗರಿ, ಸೀತಾಫಲ, ಜೇನು. ನಮೂನೆ ಸಿ ನೀವು ಹಿಂದಿನಿಂದ ಕಾಪಾಡಿಕೊಂಡು ಬಂದ ಕಾಡನ್ನೇ ನೋಡಿಕೊಳ್ಳುವ ಹಕ್ಕಿಗೆ, ಇದಕ್ಕೆ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕು ಅನ್ನುತ್ತಾರೆ. ಎಲ್ಲರೂ ಎ ಹಿಂದೆ ಓಡುತ್ತಾರೆ. ನನಗೆ ಕೇಳಿದರೆ ಸಿ ಬಿಡಲೇಬೇಡಿ, ಏಕೆಂದರೆ ಪೆಸಾದಲ್ಲಿ ನೀವು ಹುಡುಕುತ್ತಿದ್ದ ಸ್ವಂತ ಆಡಳಿತಕ್ಕೆ ತೀರ ಹತ್ತಿರವಾದದ್ದು ನಮ್ಮ ಜಿಲ್ಲೆಯಲ್ಲಿ ಇದೊಂದೇ. ಊರಿನಲ್ಲಿ ಪಂಗಡದವರೋ ಪಾರಂಪರಿಕ ಅರಣ್ಯವಾಸಿಗಳೋ ಕೆಲವೇ ಮನೆ ಇದ್ದರೂ ಅದನ್ನು ಕೇಳಬಹುದು ಎಂದು ನಮೂನೆಯಲ್ಲೇ ಬರೆದಿದೆ.

ನಮೂನೆಗೆ ದುಡ್ಡಿಲ್ಲ. ಎಕರೆಗೆ ಇಷ್ಟು ಅಂತ ಕೇಳುವವರು ಬಂದರೆ ಕೊಡಬೇಡಿ.

ನಮೂನೆ ಎ ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು, ಹಕ್ಕುಪತ್ರ ಜಂಟಿಯಾಗಿಯೇ ಬರುತ್ತದೆ. ಎಷ್ಟು ಉಳುತ್ತಿದ್ದೀರೋ ಅಷ್ಟೇ ಬರೆಯಿರಿ. ಗರಿಷ್ಠ 4 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 9 ಎಕರೆ 35 ಗುಂಟೆ ಆಸುಪಾಸು. ಅಷ್ಟಿದೆ ಅಂತ ಎರಡು ಎಕರೆಯವರು ಒಂಬತ್ತು ಎಕರೆ ಬರೆದರೆ ಸ್ಥಳದಲ್ಲಿ ಇಡೀ ಅರ್ಜಿಯೇ ಸುಳ್ಳು ಅನ್ನಿಸಿಬಿಡುತ್ತದೆ. ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ.

ಸಾಕ್ಷ್ಯ ಒಂದಕ್ಕಿಂತ ಹೆಚ್ಚು ಇರಬೇಕು. ಹಳೇ ಮತದಾರರ ಪಟ್ಟಿ, ರೇಷನ್ ಕಾರ್ಡ್, ಕಂದಾಯದ ರಸೀದಿ, ಗೆಜೆಟಿಯರ್, ಜನಗಣತಿ, ಕೋರ್ಟ್ ದಾಖಲೆ ಎಲ್ಲ ನಡೆಯುತ್ತದೆ. ಕಾಗದ ಇಲ್ಲದವರಿಗೆ ನೆಲದ ಮೇಲಿನ ಗುರುತು: ಬದು, ಬಾವಿ, ಹಳೇ ಮನೆಯ ಪಾಯ, ಸಮಾಧಿ, ದೇವರ ಜಾಗ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಇಂಥದ್ದೇ ಕಾಗದ ಬೇಕು ಎಂದು ಮೇಲಿನ ಸಮಿತಿ ಹಟ ಹಿಡಿಯುವಂತಿಲ್ಲ. ಉಪಗ್ರಹ ಚಿತ್ರ ಪೂರಕವಾಗಿ ಇರಬಹುದೇ ಹೊರತು ಉಳಿದ ಸಾಕ್ಷ್ಯದ ಜಾಗದಲ್ಲಿ ಅದೊಂದನ್ನೇ ಇಡಲಾಗದು.

ಎಲ್ಲರೂ ಬಚ್ಚಿಡುವ ಒಂದು ಸಾಕ್ಷ್ಯವಿದೆ. ಶಿರಾ ಕಡೆಯ ಒಂದು ಹಟ್ಟಿಯಲ್ಲಿ ಅಜ್ಜಿಯೊಬ್ಬರು ನಮ್ಮಲ್ಲಿ ಯಾವ ಕಾಗದವೂ ಇಲ್ಲ ಅಂತ ಎರಡು ಸಲ ಕಳಿಸಿಬಿಟ್ಟರು. ಮೂರನೇ ಸಲ ಟ್ರಂಕಿನ ತಳದಿಂದ ನಾಲ್ಕು ಮಡಿಕೆಯ ಹಳದಿ ಚೀಟಿಯೊಂದನ್ನು ತೆಗೆದರು. ಮಡಿಕೆಯ ಗೆರೆಯಲ್ಲಿ ಹರಿದು, ಅಕ್ಕಿ ಹಿಟ್ಟಿನ ಅಂಟಿನಲ್ಲಿ ಹಿಂದೆ ಕಾಗದ ಹಚ್ಚಿದ್ದರು. ಕಾಡಿನಲ್ಲಿ ಉತ್ತಿದ್ದಕ್ಕೆ ಗಂಡ ಕಟ್ಟಿದ ದಂಡದ ರಸೀದಿ, 2005ಕ್ಕೂ ಎಷ್ಟೋ ವರ್ಷ ಹಿಂದಿನದು. ಮನೆತನಕ್ಕೆ ಅವಮಾನ ಅಂತ ಮಕ್ಕಳಿಗೂ ತೋರಿಸಿರಲಿಲ್ಲ. ಆ ಜಾಗದಲ್ಲಿ ಆ ದಿನ ಅವರು ಉಳುತ್ತಿದ್ದರು ಎಂದು ಸರ್ಕಾರವೇ ಬರೆದುಕೊಟ್ಟ ಕಾಗದ ಅದು! ಕೇಸು, ದಂಡ, ನೋಟಿಸ್ ಏನೇ ಇದ್ದರೂ ಹರಿದು ಹಾಕಬೇಡಿ, ಜೆರಾಕ್ಸ್ ಮಾಡಿಸಿ ಅರ್ಜಿಗೆ ಸೇರಿಸಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.

6. ಸ್ಥಳ ಪರಿಶೀಲನೆ

ಸಮಿತಿ ಅರ್ಜಿದಾರರಿಗೂ ಅರಣ್ಯ ಮತ್ತು ಕಂದಾಯ ಇಲಾಖೆಗೂ ಮುಂಚೆಯೇ ಲಿಖಿತವಾಗಿ ತಿಳಿಸಿ ಜಾಗಕ್ಕೆ ಹೋಗಬೇಕು. ಅಧಿಕಾರಿಗಳು ಬಂದು, ಮಹಜರಿಗೆ ಹೆಸರು, ಹುದ್ದೆ, ದಿನಾಂಕ, ತಮ್ಮ ಅಭಿಪ್ರಾಯದೊಂದಿಗೆ ಸಹಿ ಹಾಕಬೇಕು. ಅವರು ಬರಲಿಲ್ಲ ಅಂತ ಕೆಲಸ ನಿಲ್ಲಿಸುವುದು ನಮ್ಮವರ ದೊಡ್ಡ ತಪ್ಪು. ನಿಲ್ಲಿಸಬೇಡಿ. ಬರದಿದ್ದವರು ಆಮೇಲೆ "ನಾವು ಇರಲಿಲ್ಲ" ಅಂತ ತಕರಾರು ತೆಗೆದರೆ ಅರ್ಜಿ ಮತ್ತೆ ಗ್ರಾಮಸಭೆಗೆ ಬರುತ್ತದೆ, ಮರುಪರಿಶೀಲನೆಗೂ ಬರದಿದ್ದರೆ ಸ್ಥಳದ ವಿಷಯದಲ್ಲಿ ಗ್ರಾಮಸಭೆ ಹೇಳಿದ್ದೇ ಕೊನೆ. ಇದು ನಿಯಮದಲ್ಲೇ ಇದೆ. ತಿಳಿಸಿದ ಪತ್ರದ ಸ್ವೀಕೃತಿ ನಿಮ್ಮ ಹತ್ತಿರ ಇರಬೇಕು ಅಷ್ಟೇ.

7. ಠರಾವಿನ ದಿನ

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದ್ದು ಈ ದಿನ. ನಡಾವಳಿ ಪುಸ್ತಕದಲ್ಲಿ ಮೊದಲು ಒಟ್ಟು ವಯಸ್ಕರೆಷ್ಟು, ಬಂದವರೆಷ್ಟು, ಹೆಂಗಸರೆಷ್ಟು, ಅರ್ಜಿದಾರರೆಷ್ಟು ಅಂತ ಅಂಕಿ ಬರೆಸಿ. ಆಮೇಲೆ ಒಂದೊಂದೇ ಅರ್ಜಿ ಓದಿ, ಒಂದೊಂದಕ್ಕೂ ಬೇರೆ ಠರಾವು. "ಎಲ್ಲ 43 ಅರ್ಜಿಗಳನ್ನು ಒಪ್ಪಲಾಗಿದೆ" ಅಂತ ಒಂದೇ ಸಾಲು ಬರೆದರೆ ಮೇಲೆ ಒಂದು ಅರ್ಜಿಗೆ ತಕರಾರು ಬಂದಾಗ 43ಕ್ಕೂ ಪೆಟ್ಟು ಬೀಳುತ್ತದೆ.

ಸಹಿ ಹಾಕುವ ಮೊದಲು ಪುಸ್ತಕವನ್ನು ಗಟ್ಟಿಯಾಗಿ ಓದಿಸಿ. ಕೊನೆಯ ಸಾಲಿಗೂ ಮೊದಲ ಸಹಿಗೂ ನಡುವೆ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆಸಿ. ನಾನು ಕೂತಿದ್ದ ಒಂದು ಸಭೆಯಲ್ಲಿ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟು ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು, ತಿಂಗಳ ಮೇಲೆ ನಕಲು ತೆಗೆಸಿದಾಗ ಆ ಜಾಗದಲ್ಲಿ ಸಭೆಯಲ್ಲಿ ಯಾರೂ ಆಡದ ಮಾತು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅವತ್ತಿನಿಂದ ನಾನು ಎಲ್ಲ ಕಡೆ ಹೇಳುವುದು ಇದೇ: ಸಭೆ ಮುಗಿದ ಕೂಡಲೇ, ಜನ ಏಳುವ ಮುಂಚೆ, ಪ್ರತಿ ಪುಟವನ್ನೂ ಮೂರು ನಾಲ್ಕು ಜನ ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ದೃಢೀಕೃತ ನಕಲಿಗೂ ಅವತ್ತೇ ಅರ್ಜಿ ಕೊಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 150 ಪದದೊಳಗೆ ಬರೆಯಬೇಕು, 30 ದಿನದಲ್ಲಿ ಉತ್ತರ ಬರಬೇಕು.

8. ಮೇಲಿನ ಎರಡು ಮೆಟ್ಟಿಲು

ಠರಾವು ಉಪವಿಭಾಗಾಧಿಕಾರಿ, ಅಂದರೆ ಎಸಿ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ಪಾವಗಡ, ಶಿರಾ, ಕೊರಟಗೆರೆಯವರಿಗೆ ಅದು ಮಧುಗಿರಿ. ಅಲ್ಲಿಂದ ಜಿಲ್ಲಾಧಿಕಾರಿಗಳ ಸಮಿತಿಗೆ, ಅದರ ತೀರ್ಮಾನ ಅಂತಿಮ. ಗ್ರಾಮಸಭೆ ನಿಮ್ಮ ಅರ್ಜಿ ತಿರಸ್ಕರಿಸಿದರೆ 60 ದಿನದೊಳಗೆ ಎಸಿ ಸಮಿತಿಗೆ, ಎಸಿ ಸಮಿತಿ ತಿರಸ್ಕರಿಸಿದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮನವಿ ಹಾಕಬಹುದು. ತಿರಸ್ಕಾರವನ್ನು ಕಾರಣ ಬರೆದು ನಿಮ್ಮ ಕೈಗೇ ಕೊಡಬೇಕು. ಹಿಂಬರಹ ಕೈಗೆ ಬಂದ ದಿನಾಂಕವನ್ನು ಅದರ ಮೇಲೇ ಬರೆದು ಸಹಿ ಮಾಡಿ. ಕಾರಣವೇ ಇಲ್ಲದೆ "ಅರ್ಹವಲ್ಲ" ಅಂತಷ್ಟೇ ಬಂದಿದ್ದರೆ ಮನವಿಯ ಮೊದಲ ಸಾಲಿನಲ್ಲೇ ಅದನ್ನು ಹೇಳಿ. ಸಾಕ್ಷ್ಯ ಸಾಲದು ಎಂದಾದರೂ ಸಮಿತಿ ನೇರವಾಗಿ ವಜಾ ಮಾಡದೆ ಗ್ರಾಮಸಭೆಗೆ ವಾಪಸ್ ಕಳಿಸಬೇಕು.

ಹಟ್ಟಿಗೆ ರಸ್ತೆ, ಅಂಗನವಾಡಿ, ನೀರಿನ ಪೈಪು ಕಾಡಿನ ಜಾಗದಿಂದಾಗಿ ನಿಂತಿದ್ದರೆ

ಇದಕ್ಕೆ ಹಕ್ಕುಪತ್ರಕ್ಕಾಗಿ ಕಾಯಬೇಕಾಗಿಲ್ಲ. ಶಾಲೆ, ರಸ್ತೆ, ಕುಡಿಯುವ ನೀರು, ವಿದ್ಯುತ್ ಲೈನ್, ಸಮುದಾಯ ಭವನ ಸೇರಿ 13 ಸೌಲಭ್ಯಗಳಿಗೆ, ಒಂದೊಂದಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಿದ್ದರೆ, ಗ್ರಾಮಸಭೆ ಶಿಫಾರಸಿನ ಮೇಲೆ ಜಿಲ್ಲಾ ಮಟ್ಟದಲ್ಲೇ ಅರಣ್ಯಾಧಿಕಾರಿ ಒಪ್ಪಿಗೆ ಕೊಡಬಹುದು. ಕಾಡು ಅಡ್ಡ ಬಂತು ಅಂತ ವರ್ಷಗಟ್ಟಲೆ ನಿಂತ ರಸ್ತೆಗಳ ವಿಷಯದಲ್ಲಿ ಈ ಠರಾವನ್ನು ಮಾಡಿಸಿಯೇ ಇರುವುದಿಲ್ಲ.

ಜಮೀನು ಕಾಡಿನದಲ್ಲ, ಬರೀ ಮನೆಗೆ ದಾಖಲೆ ಇಲ್ಲ ಅನ್ನುವವರು ತಹಶೀಲ್ದಾರ್ ಹತ್ತಿರ 'ದಾಖಲೆರಹಿತ ಜನವಸತಿ'ಯನ್ನು ಕಂದಾಯ ಗ್ರಾಮ ಮಾಡುವ ಪಟ್ಟಿಯಲ್ಲಿ ನಿಮ್ಮ ಹಟ್ಟಿ ಇದೆಯೇ ಕೇಳಿ. ಅದರಲ್ಲಿ ಸಿಗುವುದು ಮನೆ ಜಾಗದ ಹಕ್ಕುಪತ್ರ, ಹೊಲದ್ದಲ್ಲ. ಜೊತೆಗೆ ವಾರ್ಡ್ ಸಭೆಗೆ ತಪ್ಪದೆ ಹೋಗಿ. ಮನೆ, ಶೌಚಾಲಯದ ಫಲಾನುಭವಿಗಳ ಹೆಸರು ಮೊದಲು ಬರುವುದು ಅಲ್ಲೇ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಮೀಸಲಿಡುವ ಶೇ 25ರ ಲೆಕ್ಕವನ್ನು ಎದ್ದು ನಿಂತು ಕೇಳಿ.

ನಡುವೆ ತೆರವಿನ ನೋಟಿಸ್ ಬಂದರೆ

ಅರ್ಜಿ ಇತ್ಯರ್ಥ ಆಗುವ ಮುಂಚೆಯೇ ಜಾಗ ಬಿಡಿ ಅಂತ ನೋಟಿಸ್ ಬಂದರೆ ಹೆದರಬೇಡಿ, ಹಾಗೇ ಸುಮ್ಮನೂ ಇರಬೇಡಿ. ಕಾಯ್ದೆಯ ಸೆಕ್ಷನ್ 4(5)ರ ಪ್ರಕಾರ ಹಕ್ಕು ಗುರುತಿಸಿ ಪರಿಶೀಲಿಸುವ ಕೆಲಸ ಮುಗಿಯುವವರೆಗೆ ಅರಣ್ಯವಾಸಿಯನ್ನು ಅವರ ಸ್ವಾಧೀನದ ಜಮೀನಿನಿಂದ ತೆರವು ಮಾಡುವಂತಿಲ್ಲ. ಕೊಟ್ಟ ಅವಧಿಯೊಳಗೆ ಲಿಖಿತ ಉತ್ತರ ಕೊಡಿ: ಅರ್ಜಿಯ ಸ್ವೀಕೃತಿ, ಅರ್ಜಿ ಹಾಕಿದ ದಿನಾಂಕ, ಸರ್ವೆ ನಂಬರ್, ಸೆಕ್ಷನ್ 4(5). ಒಂದು ಪ್ರತಿ ನೋಟಿಸ್ ಕೊಟ್ಟ ಅರಣ್ಯಾಧಿಕಾರಿಗೆ, ಒಂದು ಎಸಿ ಅವರಿಗೆ, ಒಂದು ಜಿಲ್ಲಾಧಿಕಾರಿಗೆ, ಮೂರನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆ ರಸೀದಿಯನ್ನು ಅರ್ಜಿಯ ಫೈಲಿಗೇ ಪಿನ್ ಮಾಡಿ ಇಡಿ.